ಯಾರಿಗೋ ಹೇಳಿದ ರೈಟ್

ಬಸ್ಸಿನ ಡ್ರೈವರ್ ಕೆಲಸದಿಂದ ನಿವೃತ್ತನಾದ ಮೇಲೆ ಎಕ್ಸ್‌ಪ್ರೆಸ್‌ನ ಮನೆಯಲ್ಲಿ ಯಾವ ಕುರ್ಚಿಯೂ ಇದ್ದ ಜಾಗದಲ್ಲಿ ಇದ್ದದ್ದಿಲ್ಲ. ಎಕ್ಸ್‌ಪ್ರೆಸ್ ಎನ್ನುವುದು ಡಿಪೋದವರು ಇಟ್ಟ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಪಿಂಚಣಿ ಕಚೇರಿಯವರಿಗೆ ಬಿಟ್ಟರೆ ಬೇರೆ ಯಾರಿಗೂ ನೆನಪಿಲ್ಲ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಬೆಳಿಗ್ಗೆ ಎದ್ದವನೇ ಬೂಟು ಹಾಕಿಕೊಳ್ಳುತ್ತಿದ್ದ. ಹಾಕಿಕೊಂಡ ಮೇಲೆ ಎಲ್ಲಿಗೆ ಹೋಗುವುದೆಂದು ತೋಚದೆ ಬೀದಿಯ ಮೂಲೆಯವರೆಗೆ ನಡೆದು, ಹೋಗುವ ಬಸ್ಸಿಗೆಲ್ಲ ಕೈ ಎತ್ತಿ, ಈಗಿನ ಹುಡುಗರಿಗೆ ಗೇರು ಹಾಕಲು ಬರುವುದಿಲ್ಲವೆಂದು ಗೊಣಗುತ್ತ ವಾಪಸಾಗುತ್ತಿದ್ದ. ಸೋಫಾವನ್ನು ಕಿಟಕಿಗೆ ಎಳೆಯುವುದು, ಅಲ್ಲಿ ಬಿಸಿಲು ಎಂದು ಮತ್ತೆ ಗೋಡೆಗೆ ತಳ್ಳುವುದು. ತಟ್ಟೆ ಮುಂದಿಟ್ಟರೆ, ಹೆಂಡತಿ ನೀರು ತರುವುದರೊಳಗೆ ಉಂಡು ಕೈ ತೊಳೆದು ಬಾಗಿಲಲ್ಲಿ ನಿಂತಿರುತ್ತಿದ್ದ.

ಹೆಂಡತಿ ಹೊಲಿಗೆಯವಳು. ಮುಂದಿನ ಕೋಣೆಯ ಕಿಟಕಿಯ ಪಕ್ಕ ಅವಳ ಮಿಷನ್ನು. ಗಂಡ ರಸ್ತೆಯ ಮೇಲಿದ್ದ ಕಾಲದಲ್ಲೆಲ್ಲ ಸಂಸಾರ ಓಡಿದ್ದು ಆ ಮಿಷನ್ನಿನ ಚಕ್ರದ ಮೇಲೆಯೇ. ಮಗಳು ಹುಟ್ಟಿದಾಗ ಅವನು ಯಾವುದೋ ಸೇತುವೆಯ ಮೇಲಿದ್ದ. ಮಗಳಿಗೆ ಜ್ವರ ಬಂದಾಗ, ಮಾಳಿಗೆ ಸೋರಿದಾಗ, ಹೆಂಡತಿಯ ತಾಯಿ ತೀರಿಕೊಂಡಾಗಲೂ ಅವನು ತನ್ನ ರೂಟಿನ ಹಳೇ ಹೆದ್ದಾರಿಯ ಯಾವುದೋ ತಿರುವಿನಲ್ಲಿದ್ದ. ಬಂದವನು ನಿದ್ದೆ ಮಾಡಿ, ಎದ್ದು, ರಸ್ತೆಯ ಕಥೆ ಹೇಳಿ ಮತ್ತೆ ಹೊರಟುಬಿಡುತ್ತಿದ್ದ. ಅವಳು ಬಾಬಿನ್ನಿಗೆ ದಾರ ಸುತ್ತುತ್ತ ಕೇಳುತ್ತಿದ್ದಳು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಬಂದಾಗ, ಇನ್ನಾದರೂ ಮನೆಯಲ್ಲಿ ಒಬ್ಬ ಮನುಷ್ಯ ಇರುತ್ತಾನಲ್ಲ ಎಂದು ಅವಳಿಗೆ ನಿಜಕ್ಕೂ ಖುಷಿಯಾಗಿತ್ತು. ಆದರೆ ಇದ್ದದ್ದು ಮನುಷ್ಯನಲ್ಲ, ಬರೀ ಓಡಾಟ.

ಹೀಗಿರುವಾಗ ಹೆದ್ದಾರಿಯ ಆ ತುದಿಯಲ್ಲಿ ಶೆಡ್ಡು ಇಟ್ಟುಕೊಂಡಿದ್ದ ಖಾಸಗಿ ಬಸ್ಸಿನ ಮಾಲೀಕ ಫೋನು ಮಾಡಿದ.

“ನಿನ್ನಂಥವನು ಮನೇಲಿ ಕೂತ್ರೆ ತುಕ್ಕು ಹಿಡೀತೀಯ ಮಾರಾಯ. ದೂರದ ರೂಟು ಕೊಡ್ತೀನಿ, ಹೊಸ ಗಾಡಿ ಕೊಡ್ತೀನಿ. ಭಾನುವಾರ ಶೆಡ್ಡಿಗೆ ಬಂದು ಹೂಂ ಅಂದ್ಬಿಡು.”

ಅವನು ಅಲ್ಲೇ ಹೂಂ ಎನ್ನುವವನಿದ್ದ. ಹೆಂಡತಿ ಮಿಷನ್ನಿನಿಂದ ತಲೆ ಎತ್ತಿ ನೋಡಿದ್ದರಿಂದ ಭಾನುವಾರ ಬಂದು ಹೇಳುತ್ತೇನೆಂದ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಹೆಂಗಸರಿಗೆ ಇದೆಲ್ಲ ಅರ್ಥವಾಗುವುದಿಲ್ಲ ಎಂದು ಎದ್ದು ಬೀದಿಗೆ ಹೋಗಬಹುದಿತ್ತು. ಮಾರನೆಯ ದಿನ ಬೆಳಿಗ್ಗೆ ನೋಡಿದರೆ ಅವಳು ಮಿಷನ್ನಿನ ತಲೆಯನ್ನು ಸ್ಟ್ಯಾಂಡಿನಿಂದ ಬಿಚ್ಚಿ, ಎಣ್ಣೆ ಒರೆಸಿ, ಹಳೇ ದುಪ್ಪಟಿಯಲ್ಲಿ ಸುತ್ತಿ, ಹಗ್ಗ ಕಟ್ಟಿ ಬಾಗಿಲ ಪಕ್ಕ ಇಟ್ಟಿದ್ದಳು.

“ಇದೇನೇ ಇದು?”

“ಅಕ್ಕನ ಮನೇಲಿ ಒಂದು ಕೋಣೆ ಖಾಲಿ ಇದೆ. ನೀವು ಆ ಕೆಲಸಕ್ಕೆ ಹೋದ್ರೆ ನಾನು ಅಲ್ಲಿಗೆ ಹೋಗ್ತೀನಿ. ಮತ್ತೆ ಈ ಮನೇಲಿ ಒಬ್ಬಳೇ ಕೂತು ಬಾಗಿಲು ನೋಡೋಕೆ ನನ್ನ ಕೈಲಿ ಆಗಲ್ಲ. ಜಗಳ ಇಲ್ಲ, ರಂಪ ಇಲ್ಲ.”

ಅವನು ಹಗ್ಗದ ಗಂಟನ್ನು ಮುಟ್ಟಿ ನೋಡಿದ. ಅವಳೇ ಮುಂದುವರಿಸಿದಳು: “ಆದ್ರೆ ಭಾನುವಾರ ಶೆಡ್ಡಿಗೆ ಹೋಗುವಾಗ ನನ್ನನ್ನೂ ಕರ್ಕೊಂಡು ಹೋಗಿ. ಹೊಸ ರಸ್ತೇಲಿ ಬೇಡ, ಹಳೇದ್ರಲ್ಲಿ. ಹೆಂಡತಿ ಮಗಳಿಗಿಂತ ಹೆಚ್ಚಾಗಿ ಅದರ ಜೊತೆ ಸಂಸಾರ ಮಾಡಿದ್ದೀರಲ್ಲ, ಅದು ಹೇಗಿದೆ ಅಂತ ನಾನೂ ಒಂದ್ಸಲ ನೋಡ್ಬೇಕು. ಆಮೇಲೆ ನಿಮಗೆ ಏನು ಹೇಳ್ಬೇಕು ಅನ್ಸುತ್ತೋ ಹೇಳಿ.”

ಹೀಗೆ ಭಾನುವಾರ ಅವರ ಸವಾರಿ ಹೊರಟಿತು. ನಿವೃತ್ತಿಯಾದಾಗ ಕೊಂಡ ಹಳೆಯ ಕಾರು. ಹೆಂಡತಿ ಹಿಂದಿನ ಸೀಟಿನಲ್ಲಿ. ಮುಂದೆ ಕೂತರೆ ಅವನು ಓಡಿಸುವುದು ಕಂಡು ಹೊಟ್ಟೆ ತೊಳಸುತ್ತದೆ ಎಂದು ಅವಳೇ ಹಿಂದೆ ಹತ್ತಿ, ಶಾಲು ಹಾಸಿ, ಕೈಚೀಲ ಪಕ್ಕಕ್ಕಿಟ್ಟುಕೊಂಡಿದ್ದಳು. ಅವನಿಗೂ ಅದೇ ಹಿತವಾಗಿತ್ತು. ಹಿಂದೆ ಯಾರಾದರೂ ಕೂತಿದ್ದರೆ ತಾನೇ ಓಡಿಸುವುದಕ್ಕೆ ಅರ್ಥ?

ಹಳೇ ಹೆದ್ದಾರಿ ಎಂದರೆ ಸಾಮಾನ್ಯದ್ದಲ್ಲ. ಯಾವುದೋ ಕಾಲದ ರಾಜ ದಂಡು ನಡೆಸಲು ಹಾಕಿಸಿದ್ದು. ದಂಡಿನ ಹಿಂದೆ ವ್ಯಾಪಾರಿಗಳ ಗಾಡಿ ಬಂದವು, ಗಾಡಿಗಳ ಹಿಂದೆ ಲಾರಿ ಬಸ್ಸು ಬಂದವು. ಎರಡೂ ಬದಿಗೆ ತಲೆಗೆ ತಲೆ ತಾಗಿಸಿಕೊಂಡ ಮುದಿ ಮರಗಳು, ಅಕ್ಷರ ಅಳಿಸಿದ ಮೈಲಿಗಲ್ಲು, ಕಲ್ಲುಕಮಾನಿನ ಸೇತುವೆ, ದಾರಿಹೋಕರಿಗೆಂದು ಕಟ್ಟಿಸಿದ ಮೆಟ್ಟಿಲುಬಾವಿ. ಆಚೆ ಹೊಲಗಳ ನಡುವೆ ಅಗಲವಾದ ಹೊಸ ರಸ್ತೆ ಬಂದ ಮೇಲೆ ಅವಸರ ಇದ್ದವರೆಲ್ಲ ಅತ್ತ ಹೋದರು. ಇತ್ತ ಉಳಿದದ್ದು ಊರೂರಿಗೆ ನಿಲ್ಲುವ ಬಸ್ಸು, ಸೈಕಲ್ಲು ಮತ್ತು ದನ.

ಅವಸರ ಇದ್ದೂ ಇತ್ತ ಬಂದವನು ಎಕ್ಸ್‌ಪ್ರೆಸ್ ಒಬ್ಬನೇ. ಸ್ಟೀರಿಂಗು ಕೈಗೆ ಬಂದದ್ದೇ ತಡ, ವಯಸ್ಸು ಇಳಿದುಹೋಯಿತು.

“ರೀ, ಬಾವಿ ಬಂತು. ನಿಲ್ಸಿ, ಇಳಿದು ನೋಡೋಣ.”

“ಅಲ್ಲಿ ನಿಲ್ಸೋಕೆ ಜಾಗ ಇಲ್ಲ ಕಣೇ. ಬರ್ತಾ ನೋಡಿದ್ರಾಯ್ತು.”

“ಸೇತುವೆ ಹತ್ರ?”

“ಸೇತುವೆ ಮೇಲೆ ಯಾರಾದ್ರೂ ನಿಲ್ಲಿಸ್ತಾರಾ?”

“ಕೆರೆ ಎಲ್ಲಿದೆ? ಎಡಗಡೆ ಕೆರೆ, ತುಂಬ ಬಿಳೀ ಹಕ್ಕಿ ಅಂತಿದ್ರಲ್ಲ.”

“ಇನ್ನೂ ಮುಂದೆ,” ಎಂದ ಅವನು. ಎಷ್ಟು ಮುಂದೆ ಎಂದು ಅವನಿಗೇ ಗೊತ್ತಿರಲಿಲ್ಲ. ಯಾವ ಮೋರಿಯ ಹತ್ತಿರ ಗುಂಡಿ, ಯಾವ ತಿರುವಿನಲ್ಲಿ ಎದುರಿನ ಲಾರಿ ಕಾಣುವುದಿಲ್ಲ, ಯಾವ ದಿಣ್ಣೆಗೆ ಎರಡನೇ ಗೇರು, ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತಿದ್ದ. ಕೆರೆ ಮಾತ್ರ ಕಂಡಕ್ಟರು ಹೇಳಿದ್ದು. ಡ್ರೈವರ್ ಆದವನು ಎಡಕ್ಕೆ ತಿರುಗಿ ಹಕ್ಕಿ ನೋಡುತ್ತ ಕೂತರೆ ಬಸ್ಸು ಕೆರೆಯೊಳಗಿರುತ್ತದೆ. ಕಂಡಕ್ಟರು ಕಂಡ ಹಕ್ಕಿಗಳನ್ನು ಮನೆಗೆ ತಂದು ತನ್ನವೆಂದು ಹೆಂಡತಿಗೆ ಹೇಳಿದ್ದ, ಅಷ್ಟೆ.

ಹೆಂಡತಿ ಕಿಟಕಿಯ ಗಾಜು ಏರಿಸಿದಳು. ಅದು ಅವನ ಗಮನಕ್ಕೆ ಬರಲಿಲ್ಲ. ಜೇಬಿನಲ್ಲಿದ್ದ ಫೋನು ಆಗಲೇ ಒಮ್ಮೆ ಗುರುಗುಟ್ಟಿತ್ತು, ಮಾಲೀಕನದೇ ಇರಬೇಕು.

ಮಧ್ಯಾಹ್ನ ಊಟಕ್ಕೆ ನಿಂತದ್ದು ದಾರಿಬದಿಯ ದೊಡ್ಡ ಹೋಟೆಲಿನಲ್ಲಿ. ಹಿಂದೆ ಎಲ್ಲ ಬಸ್ಸುಗಳೂ ಇಲ್ಲೇ ನಿಲ್ಲುತ್ತಿದ್ದವು. ಹೆಂಡತಿ ಇಳಿದು, ಕಾಲು ಜಾಡಿಸಿಕೊಂಡು, ಮುಂಬಾಗಿಲಿನಿಂದ ಒಳಗೆ ಹೋದಳು. ಅವನು ಕಾರಿಗೆ ಬೀಗ ಕೂಡ ಹಾಕದೆ, ಅಭ್ಯಾಸಬಲದಿಂದ, ಕಟ್ಟಡ ಸುತ್ತಿ ಹಿಂಬಾಗಿಲಿನಿಂದ ಹೋದ.

ಬಸ್ಸು ನಿಲ್ಲುವ ಹೋಟೆಲುಗಳಲ್ಲಿ ಡ್ರೈವರು ಕಂಡಕ್ಟರಿಗೆ ಹಿಂದುಗಡೆ ಬೇರೆಯೇ ಕೋಣೆ. ಅಡುಗೆಮನೆಗೆ ತಾಗಿಕೊಂಡು ಒಂದು ಬೆಂಚು, ಒಂದು ಫ್ಯಾನು. ಅಲ್ಲಿ ಕೇಳುವ ಮೊದಲೇ ಬಿಸಿ ಊಟ ಬಂದು ಬೀಳುತ್ತದೆ. ಮುಂದಿನ ಹಾಲ್‌ನಲ್ಲಿ ಕೂತ ಜನಕ್ಕೆ ತಟ್ಟೆ ಬರುವ ಹೊತ್ತಿಗೆ ಇವರು ಹಲ್ಲು ಚುಚ್ಚಿಕೊಳ್ಳುತ್ತಿರುತ್ತಾರೆ. ಕೆಲಸಕ್ಕಿದ್ದ ಕಾಲದಲ್ಲೆಲ್ಲ ಇಲ್ಲಿ ಉಂಡ ಎಕ್ಸ್‌ಪ್ರೆಸ್ ಆ ಹೋಟೆಲಿನ ಮುಂಬಾಗಿಲನ್ನು ದಾಟಿದವನೇ ಅಲ್ಲ.

“ಅಯ್ಯೋ, ಎಕ್ಸ್‌ಪ್ರೆಸ್ ಅಣ್ಣ!” ಅಡುಗೆಯವಳು ಸೌಟು ಹಿಡಿದೇ ಓಡಿಬಂದಳು. “ಸತ್ತೇಹೋದ್ರಿ ಅಂದ್ಕೊಂಡಿದ್ದೆ. ಕೂತ್ಕೊಳ್ಳಿ, ಕೂತ್ಕೊಳ್ಳಿ.”

ಕೂತ. ಹಳೆಯ ಬೆಂಚು, ಹಳೆಯ ಹೊಗೆ, ಎದುರಿಗೆ ಬೇರೆ ಬಸ್ಸಿನ ಡ್ರೈವರು. ಟೈರಿನ ಮಾತು, ಡೀಸೆಲ್ಲಿನ ಮಾತು, ಯಾರು ಎಲ್ಲಿ ಗುದ್ದಿದ ಎಂಬ ಮಾತು. ಎಷ್ಟೋ ತಿಂಗಳ ಮೇಲೆ ಅವನ ಕಾಲು ಕುಣಿಯುವುದು ನಿಂತಿತ್ತು. ಶೆಡ್ಡಿಗೆ ಹೋಗಿ ಹೂಂ ಎನ್ನುವುದೇ ಸರಿ ಎಂದು ಆ ಬೆಂಚಿನ ಮೇಲೆ ಅವನು ತೀರ್ಮಾನಿಸಿಯೇಬಿಟ್ಟ. ಅಕ್ಕನ ಮನೆಗೆ ಹೋದವಳು ಎಷ್ಟು ದಿನ ಇದ್ದಾಳು, ಬರುತ್ತಾಳೆ.

ಮುಂದಿನ ಹಾಲ್‌ನಲ್ಲಿ ಅವನ ಹೆಂಡತಿ ಇಬ್ಬರ ಟೇಬಲ್ಲಿನಲ್ಲಿ ಕೂತು, ಮಾಣಿ ಬಂದಾಗಲೆಲ್ಲ “ನಮ್ಮನೆಯವರು ಬರ್ಲಿ” ಎನ್ನುತ್ತಿದ್ದಳು. ಇದು ಅವನಿಗೆ ತಿಳಿದದ್ದು ಆಮೇಲೆ.

ಉಂಡು, ಹಿಂಬಾಗಿಲಿನಿಂದಲೇ ಹೊರಬಂದು, ಕಾರಿನ ಗಾಜು ಒರೆಸಿ, ಸೀಟಿನಲ್ಲಿ ಕೂತು ಎಂಜಿನ್ನು ಚಾಲೂ ಮಾಡಿದ. ಅಂಗಳದಲ್ಲಿ ವಾಪಸು ಊರಿನ ಕಡೆ ಹೋಗುವ ಬಸ್ಸೊಂದು ನಿಂತಿತ್ತು. ಅದರ ಕಂಡಕ್ಟರು ಫುಟ್‌ಬೋರ್ಡು ಹತ್ತಿ, ತಗಡಿನ ಮೇಲೆ ಎರಡು ಸಲ ಬಡಿದು ಕೂಗಿದ:

“ರೈಟ್! ರೈಟ್!”

ಎಕ್ಸ್‌ಪ್ರೆಸ್‌ನ ಎಡಗಾಲು ಕ್ಲಚ್ಚು ಒತ್ತಿತು. ಕೈ ಗೇರು ಹಾಕಿತು. ಕಾರು ರಸ್ತೆಗೆ ಇಳಿಯಿತು.

ಅವನನ್ನು ಬೈಯುವ ಮೊದಲು ಒಂದು ಮಾತು ಯೋಚಿಸಬೇಕು. ಡ್ರೈವರ್ ಆದವನು ಹಿಂದೆ ತಿರುಗಿ ನೋಡುವುದಿಲ್ಲ. ಯಾರು ಹತ್ತಿದರು, ಯಾರು ಉಳಿದರು, ಅದೆಲ್ಲ ಕಂಡಕ್ಟರಿನ ತಲೆನೋವು. ರೈಟ್ ಎಂದರೆ ಎಲ್ಲರೂ ಬಂದಿದ್ದಾರೆ, ಹೊರಡು ಎಂದರ್ಥ. ಆ ಕೂಗನ್ನು ನಂಬಿಯೇ ಅವನು ಇಡೀ ಆಯುಷ್ಯ ಗಾಡಿ ಓಡಿಸಿದ್ದ. ನಂಬಿಕೆ ಕಾಲಿಗೆ ಇಳಿದುಬಿಟ್ಟಿತ್ತು, ತಲೆಯನ್ನು ಕೇಳುವ ಅಗತ್ಯವಿರಲಿಲ್ಲ.

ದಾರಿಯುದ್ದಕ್ಕೂ ಮಾತಾಡಿದ. ಮಾಲೀಕನ ಹೊಸ ಗಾಡಿಯ ಬಗ್ಗೆ, ದೂರದ ರೂಟಿನ ಬಗ್ಗೆ, ವಾರಕ್ಕೊಮ್ಮೆಯಾದರೂ ಮನೆಗೆ ಬಂದೇ ಬರುತ್ತೇನೆ ಎಂಬುದರ ಬಗ್ಗೆ. “ನೀನು ಹೆದರ್ಕೋಬೇಡ ಕಣೇ, ಮೊದಲಿನ ಹಾಗೆ ಆಗಲ್ಲ,” ಎಂದ. ಉತ್ತರವಿಲ್ಲ. ಕೋಪ ಮಾಡಿಕೊಂಡಿದ್ದಾಳೆ ಎಂದುಕೊಂಡ. “ಅಕ್ಕನ ಮನೆ ಅಂತೀಯಲ್ಲ, ನಿನ್ನ ಭಾವನ ಬಾಯಿ ಗೊತ್ತಿಲ್ವಾ ನಿನಗೆ?” ಎಂದ. ಅದಕ್ಕೂ ಉತ್ತರವಿಲ್ಲ. ಭಾವನ ಸುದ್ದಿಗೆ ಅವಳು ಸುಮ್ಮನಿರುವವಳಲ್ಲ. ಅವನು ಕತ್ತು ತಿರುಗಿಸಿದ. ಶಾಲು ಇತ್ತು, ಕೈಚೀಲ ಇತ್ತು, ಚೀಲದೊಳಗೆ ಅವಳ ಫೋನೂ ಇತ್ತು.

ಕಾರನ್ನು ಅಲ್ಲೇ ತಿರುಗಿಸಿದ. ಆ ಕಿರಿದಾದ ರಸ್ತೆಯಲ್ಲಿ ಅಷ್ಟು ಕೆಟ್ಟದಾಗಿ ಗಾಡಿ ತಿರುಗಿಸಿದ್ದು ಅವನು ಜೀವಮಾನದಲ್ಲೇ ಇಲ್ಲ. ಎದುರಿಗೆ ಒಂದು ಬಸ್ಸು ಬಂತು. ಪಕ್ಕಕ್ಕೆ ಸರಿದು ದಾರಿ ಬಿಟ್ಟು ಮತ್ತೆ ಹಾರಿಸಿಕೊಂಡು ಹೋದ. ಹೋಟೆಲು ಸಿಕ್ಕಿತು. ಮುಂಬಾಗಿಲಿನಿಂದ, ಮೊದಲ ಸಲ, ಒಳಗೆ ಓಡಿದ. ಇಬ್ಬರ ಟೇಬಲ್ಲು ಖಾಲಿ.

ಅಡುಗೆಯವಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಈಗ ಅವಳ ದನಿಯಲ್ಲಿ ಅಣ್ಣ ಎಂಬ ಅಕ್ಕರೆ ಇರಲಿಲ್ಲ.

“ನಿಮ್ಮನೆಯವರು ಬಂದಿದ್ದಾರೆ ಅಂತ ಒಂದು ಮಾತು ಹೇಳಬಾರದಾಗಿತ್ತಾ? ಇಲ್ಲಿ ಖಾಲಿ ತಟ್ಟೆ ಮುಂದೆ ಕೂತೇ ಇದ್ರು. ನಿಮ್ಮ ಕಾರು ಹೋಗೋದನ್ನ ಆ ಕಿಟಕಿಯಿಂದ ನೋಡಿದ್ರು. ಓಡಿ ಹೋಗಿ ಕೂಗ್ಲೂ ಇಲ್ಲ.”

“ಈಗ ಎಲ್ಲಿ?”

“ಬಸ್ಸು ಬಂತು. ನಿಮ್ಮ ಹೆಂಡತಿ ಅಂದ್ಮೇಲೆ ಕಂಡಕ್ಟರೇ ಕರೆದು ಕೂರಿಸ್ಕೊಂಡ. ಇಲ್ಲೇ ಇರಿ, ಬರ್ತಾರೆ ಅಂದೆ ನಾನು. ಕಾಯೋದು ಸಾಕಾಗಿದೆ ಅಂದ್ರು. ಈ ರಸ್ತೇನ ಕೊನೇತನಕ ನಾನೇ ನೋಡ್ಕೊಂಡು, ಅಲ್ಲಿಂದ ಹಾಗೇ ಅಕ್ಕನ ಮನೆಗೆ ಹೋಗ್ತೀನಿ ಅಂತ ಹೇಳಿ ಅಂದ್ರು.”

ಈಗ ತಾನೇ ದಾರಿ ಬಿಟ್ಟುಕೊಟ್ಟ ಬಸ್ಸು ಅದೇ. ಕಿಟಕಿಯಲ್ಲಿ ಅವಳಿದ್ದಳು, ಅವನು ನೋಡಿರಲಿಲ್ಲ.

ಬಸ್ಸನ್ನು ಹಿಡಿಯುವುದು ಕಷ್ಟವಾಗಲಿಲ್ಲ. ಊರೂರಿಗೆ ನಿಲ್ಲುವ ಬಸ್ಸು ಎಷ್ಟು ದೂರ ಹೋದೀತು? ದಾಟುವುದೇ ಆಗಲಿಲ್ಲ. ಎರಡೂ ಕಡೆ ಮರ, ನಡುವೆ ಬಸ್ಸಿನಷ್ಟೇ ಅಗಲದ ಟಾರು. ಹಾರ್ನ್ ಒತ್ತಿದ. ಮುಂದಿನ ಡ್ರೈವರು ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಂದೆ ಬಂದು ಬಡಕೊಳ್ಳುವ ಕಾರಿಗೆ ದಾರಿ ಬಿಡಬಾರದು ಎನ್ನುವುದು ಆ ರಸ್ತೆಯ ಬಸ್ಸಿನವರ ಹಟ, ಅದನ್ನು ಅವರಿಗೆಲ್ಲ ಕಲಿಸಿದವರಲ್ಲಿ ಎಕ್ಸ್‌ಪ್ರೆಸ್ಸೂ ಒಬ್ಬ. ಹಲ್ಲು ಕಡಿದುಕೊಂಡು ಹಿಂದೆಯೇ ಹೋದ. ಬಸ್ಸು ನಿಂತರೆ ತಾನೂ ನಿಲ್ಲಿಸಿ ಬಾಗಿಲು ತೆಗೆಯುತ್ತಿದ್ದ. ಒಂದು ಕಾಲು ಹೊರಗಿಡುವಷ್ಟರಲ್ಲಿ ರೈಟ್ ಎಂಬ ಕೂಗು, ಹೊಗೆ, ಧೂಳು. ಪ್ರತಿ ನಿಲ್ದಾಣದಲ್ಲಿ ಹೀಗೇ. ಒಂದು ನಿಲ್ದಾಣದ ಕಟ್ಟೆಯ ಮೇಲೆ ಕೂತಿದ್ದ ಮುದುಕರಿಬ್ಬರು ಅವನು ಹತ್ತುವುದು ಇಳಿಯುವುದು ನೋಡಿ, ಇವನಿಗೇನೋ ಹೊಟ್ಟೆ ಕೆಟ್ಟಿದೆ ಎಂದು ಮಾತಾಡಿಕೊಂಡರು.

ಶೆಡ್ಡು ಇನ್ನು ಹೆಚ್ಚು ದೂರವಿರಲಿಲ್ಲ. ಅದರಾಚೆ ಕೊನೆಯ ನಿಲ್ದಾಣ. ಅಲ್ಲಿಂದ ಅಕ್ಕನ ಊರಿಗೆ ಬೇಕಾದಷ್ಟು ಬಸ್ಸು. ಹೋದವಳು ಬರುತ್ತಾಳೆ ಎಂದು ಬೆಂಚಿನ ಮೇಲೆ ಹೇಳಿಕೊಂಡದ್ದು ಈಗ ಅವನ ಬಾಯಿಗೇ ಕಹಿಯಾಯಿತು. ಅವಳು ಬರುವುದಿಲ್ಲ. ಓಡಿಬಂದು ಕೂಗಲೂ ಇಲ್ಲ ಎಂದಳಲ್ಲ ಅಡುಗೆಯವಳು, ಅದೇ ಅವನನ್ನು ಹೆದರಿಸಿದ್ದು.

ಒಂದು ಕಡೆ ಬಸ್ಸು ನಿಂತದ್ದು ಹೊರಡಲಿಲ್ಲ. ಯಾರೋ ಬಸ್ಸಿನ ಮಾಡಿನ ಮೇಲಿಂದ ಮಂಚವೊಂದನ್ನು ಇಳಿಸುತ್ತಿದ್ದರು, ಅದರ ಕಾಲು ಕಂಬಿಗೆ ಸಿಕ್ಕಿಕೊಂಡಿತ್ತು. ಅವನು ಕಾರಿನಿಂದ ಇಳಿದ. ಎಡಗಡೆ ಏನೋ ಹೊಳೆದಂತಾಗಿ ತಿರುಗಿದ. ಕೆರೆ. ಮರಗಳ ಆಚೆ ಅಷ್ಟುದ್ದ ಮಲಗಿದ ನೀರು, ನಡುಗಡ್ಡೆಯ ಜಾಲಿಯ ಮೇಲೆಲ್ಲ ಹಕ್ಕಿ. ಬಿಳಿ ಎಂದು ಕಂಡಕ್ಟರು ಹೇಳಿದ್ದು ಪೂರ್ತಿ ಸರಿಯಲ್ಲ. ರೆಕ್ಕೆ ಬಿಚ್ಚಿದಾಗ ತುದಿಯಲ್ಲಿ ಕಪ್ಪು. ಇಷ್ಟು ವರ್ಷ ತಪ್ಪು ಹೇಳಿದೆನಲ್ಲ ಇವಳಿಗೆ ಎಂದು ಬಸ್ಸಿನ ಕಡೆ ನೋಡಿದರೆ, ಕಿಟಕಿಯಲ್ಲಿ ಅವಳ ಮುಖ. ಸರಳಿಗೆ ಹಣೆ ಒತ್ತಿ ಅದನ್ನೇ ನೋಡುತ್ತಿದ್ದಳು. ಅವನನ್ನು ನೋಡಲಿಲ್ಲ. ಆ ಮುಖದಲ್ಲಿ ಕೋಪವಿರಲಿಲ್ಲ, ಅವನಿಗಾಗಿ ಏನೂ ಇರಲಿಲ್ಲ. ಅವನಿಗೆ ಅಳು ಬಂತು.

ಮಂಚ ಇಳಿಯಿತು. ಅವನು ಕಾರನ್ನು ಮರದ ಕೆಳಗೆ ನಿಲ್ಲಿಸಿ, ಬೀಗ ಹಾಕಿ, ಅವಳ ಕೈಚೀಲ ಶಾಲು ಎದೆಗವಚಿಕೊಂಡು ಓಡಿದ. ಚಲಿಸುತ್ತಿದ್ದ ಬಸ್ಸಿನ ಬಾಗಿಲ ಕಂಬಿ ಹಿಡಿದು ಹತ್ತಿದ.

“ಎಕ್ಸ್‌ಪ್ರೆಸ್ ಅಣ್ಣ? ಕಾರು?” ಕಂಡಕ್ಟರು ಬಾಯಿ ಬಿಟ್ಟ.

“ಅದೆಲ್ಲಿಗೆ ಹೋಗುತ್ತೆ, ಅಲ್ಲೇ ಇರುತ್ತೆ,” ಎಂದು ಏದುಸಿರು ಬಿಡುತ್ತ ಹೆಂಡತಿಯ ಪಕ್ಕ ಕೂತ.

ಅವಳು ಚೀಲ ತೆಗೆದುಕೊಂಡಳು, ಶಾಲು ತೆಗೆದುಕೊಂಡಳು. ಕಿಟಕಿಯಿಂದ ತಲೆ ಈಚೆ ತರಲಿಲ್ಲ.

“ಊಟ ಮಾಡ್ದಾ?” ಎಂದು ಕೇಳಿದ.

“ಇಲ್ಲ.”

“ನಾನು ಮಾಡ್ದೆ,” ಎಂದ. ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ಮುಂದಿನ ಸೀಟಿನ ಕಂಬಿ ಹಿಡಿದು ಹೇಳಿದ: “ಆ ಕೆರೆ ನಾನು ಇವತ್ತೇ ನೋಡಿದ್ದು ಕಣೇ. ಹಿಂದೆ ಹೇಳಿದ್ದೆಲ್ಲ ಕಂಡಕ್ಟರು ನೋಡಿದ್ದು.”

“ಗೊತ್ತು,” ಎಂದಳು. “ಒಂದ್ಸಲ ಬಾತುಕೋಳಿ ಅಂತಿದ್ರಿ, ಇನ್ನೊಂದ್ಸಲ ಕೊಕ್ಕರೆ ಅಂತಿದ್ರಿ.”

ಬಸ್ಸಿನ ಸೀಟಿನಲ್ಲಿ ಕೂರುವುದು ಅವನಿಗೆ ಬರುತ್ತಿರಲಿಲ್ಲ. ತಿರುವು ಬಂದಾಗ ಬಲಗಾಲು ನೆಲವನ್ನು ಒತ್ತುತ್ತಿತ್ತು. ದಿಣ್ಣೆ ಬಂದಾಗ ಎಡಗೈ ಇಲ್ಲದ ಗೇರನ್ನು ಹುಡುಕುತ್ತಿತ್ತು. ನಿಲ್ದಾಣದಲ್ಲಿ ರೈಟ್ ಎಂಬ ಕೂಗಿಗೆ ಅವನ ಮೈ ಒಮ್ಮೆಲೇ ಎದ್ದು ಕೂತಿತು. ಅವಳು ಕಿಟಕಿಯ ಕಡೆ ನೋಡುತ್ತಲೇ ಅವನ ಮೊಣಕಾಲಿನ ಮೇಲೆ ಕೈ ಇಟ್ಟು ಅದುಮಿದಳು.

“ಸುಮ್ನೆ ಕೂತ್ಕೊಳ್ಳಿ. ಅದು ನಿಮಗೆ ಹೇಳಿದ್ದಲ್ಲ.”

ಅವನು ಕೂತ. ಕಾಲು ನಡುಗುತ್ತಿತ್ತು. ಜೇಬಿನಲ್ಲಿ ಫೋನು ಗುರುಗುಟ್ಟತೊಡಗಿತು. ಗುರುಗುಟ್ಟುತ್ತಲೇ ಇತ್ತು. ಮುಂದಿನ ಗಾಜಿನಲ್ಲಿ ಶೆಡ್ಡಿನ ತಗಡಿನ ಮಾಡು ಕಂಡಿತು, ಅದರ ಮುಂದೆ ಒಗೆದ ಬಟ್ಟೆಯ ಹಾಗೆ ಶುಭ್ರವಾದ ಹೊಸ ಗಾಡಿ, ಗಾಡಿಯ ಪಕ್ಕ ಕಿವಿಗೆ ಫೋನು ಹಿಡಿದ ಮಾಲೀಕ. ಎಂಥ ಗಾಡಿ! ನೋಡಿ ಅವನ ಕೈ ಕಡಿಯಿತು. ಇದನ್ನು ಮುಚ್ಚಿಟ್ಟು ಹೇಳುವುದು ಸರಿಯಲ್ಲ.

“ಶೆಡ್ಡು! ಶೆಡ್ಡಿನ ಹತ್ರ ಇಳಿಯೋರು!” ಎಂದು ಕೂಗಿದ ಕಂಡಕ್ಟರು, ಬಸ್ಸು ನಿಂತ ಕೂಡಲೇ ಒಂದು ಪಾರ್ಸೆಲ್ಲು ಹಿಡಿದು ತಾನೇ ಇಳಿದು ಹೋದ. ಹೆಂಡತಿ ಅವನ ಮೊಣಕಾಲಿನಿಂದ ಕೈ ತೆಗೆದಳು. ಕೈಚೀಲವನ್ನು ಮಡಿಲಿಗೆ ಎಳೆದುಕೊಂಡು, ಮುಖ ಪೂರ್ತಿ ಕಿಟಕಿಗೆ ತಿರುಗಿಸಿ ಕೂತಳು. ತಡೆಯುವವಳಲ್ಲ ಅವಳು, ಮೊದಲೇ ಹೇಳಿದ್ದಳಲ್ಲ.

ಬಸ್ಸಿನ ಎಂಜಿನ್ನು ಕಾಯುತ್ತ ನಡುಗುತ್ತಿತ್ತು. ಅವನು ಎದ್ದು ನಿಂತ. ಬಾಗಿಲು ತೆರೆದೇ ಇತ್ತು. ಮಾಲೀಕ ಅವನನ್ನು ಕಂಡು ಕೈ ಎತ್ತಿದ. ಎಕ್ಸ್‌ಪ್ರೆಸ್ ಮೇಲಿನ ತಗಡಿಗೆ ಅಂಗೈಯಿಂದ ಎರಡು ಸಲ ಬಡಿದು, ಆಯುಷ್ಯವೆಲ್ಲ ಬೇರೆಯವರ ಬಾಯಿಂದ ಕೇಳಿದ ಮಾತನ್ನು ತಾನೇ ಕೂಗಿದ:

“ರೈಟ್! ರೈಟ್!”

ಡ್ರೈವರು ತಿರುಗಿ ನೋಡಲಿಲ್ಲ. ಯಾಕೆ ನೋಡುತ್ತಾನೆ? ಗೇರು ಬಿತ್ತು, ಬಸ್ಸು ಹೊರಟಿತು. ಮಾಲೀಕ, ಹೊಸ ಗಾಡಿ, ಶೆಡ್ಡು ಎಲ್ಲ ಹಿಂದಕ್ಕೆ ಸರಿದವು. ಅವನು ಧೊಪ್ಪೆಂದು ಕೂತು, ಜೇಬಿಗೆ ಕೈ ಹಾಕಿ ಫೋನಿನ ಬಾಯಿ ಮುಚ್ಚಿಸಿದ.

ಹಿಂದಿನಿಂದ ಒಂದು ಕೂಗು ಓಡಿಬರುತ್ತಿತ್ತು. “ಹೋಲ್ಡಾನ್! ಅಯ್ಯೋ, ಹೋಲ್ಡಾನ್!”

ಹೆಂಡತಿ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿ, ಬಾಯಿಗೆ ಕೈ ಒತ್ತಿಕೊಂಡು ಅವನ ಕಡೆ ತಿರುಗಿದಳು. ಅವಳ ಭುಜ ಕುಲುಕುತ್ತಿತ್ತು. ಬೆಳಗಿನಿಂದ ಅವಳು ನಕ್ಕದ್ದು ಅದೇ ಮೊದಲು.

“ರೀ, ಕಂಡಕ್ಟರನ್ನ ಬಿಟ್ಟು ಹೊರಟ್ವಲ್ರೀ!”

“ಬರ್ತಾನೆ ಬಿಡು,” ಎಂದ ಎಕ್ಸ್‌ಪ್ರೆಸ್, ಇನ್ನೂ ನಡುಗುತ್ತಿದ್ದ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. “ನೀನು ಇದ್ದೀಯಲ್ಲ.”